ಬಚ್ಚಲುಮನೆ ಟೈಲ್ಸ್ ಬಾಗಿ ಕಂಡಿತು: ಮ್ಯಾಕ್ಯುಲಾ ಸವೆತ ಇರುವವರು ಮನೆಯಲ್ಲಿ ಕಣ್ಣನ್ನು ಹೇಗೆ ಪರೀಕ್ಷಿಸಿಕೊಳ್ತೀರಿ?

ಲೆಕ್ಕದ ಮೇಷ್ಟ್ರು (ಸಾಗರ) · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ವಯಸ್ಸು 74, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು. ಎಡಗಣ್ಣಿಗೆ ವೆಟ್ ಎಎಂಡಿ, ಈವರೆಗೆ 9 ಇಂಜೆಕ್ಷನ್ ಆಗಿದೆ. (ಎಎಂಡಿ ಅಂದರೆ ವಯಸ್ಸಾದ ಮೇಲೆ ಬರುವ ಮ್ಯಾಕ್ಯುಲಾ ಸವೆತ, ಮ್ಯಾಕ್ಯುಲಾ ಅಂದರೆ ಕಣ್ಣಿನ ಹಿಂದಿನ ಪರದೆಯ ನಟ್ಟನಡುವಿನ ಜಾಗ. ಅಲ್ಲಿ ರಕ್ತನಾಳ ಸೋರಿದರೆ ವೆಟ್, ಸೋರದಿದ್ದರೆ ಡ್ರೈ.) ಬಲಗಣ್ಣಿಗೆ ಡ್ರೈ, ಅದೂ ನಡುವಿನ ಹಂತದ್ದಂತೆ. ಪೇಪರ್ ಓದೋದು, ಸಹಿ ಹಾಕೋದು, ಮೊಮ್ಮಗಳ ಮುಖ ನೋಡೋದು ಎಲ್ಲ ಈಗ ಆ ಬಲಗಣ್ಣಿನದೇ ಕೆಲಸ.

ಎಡಗಣ್ಣು ಕೆಟ್ಟಿದ್ದು ನನಗೆ ಗೊತ್ತಾದ ಬಗೆ ಹೇಳ್ತೀನಿ, ನಗಬೇಡಿ. ಒಂದು ದಿನ ಸ್ನಾನ ಮಾಡುವಾಗ ಬಲಗಣ್ಣಿಗೆ ಸೋಪು ಬಿತ್ತು. ಅದನ್ನ ಮುಚ್ಚಿಕೊಂಡು ಚೊಂಬಿಗೆ ಕೈ ಚಾಚಿದರೆ ಎದುರಿನ ಗೋಡೆಯ ಟೈಲ್ಸ್ ಸಂದಿನ ಗೆರೆ ನಡುವೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಗಾರೆ ಬಿಟ್ಟು ಟೈಲ್ಸ್ ಎದ್ದಿದೆ ಅಂದುಕೊಂಡೆ. ಬೆರಳಿಟ್ಟು ಸವರಿದೆ. ಗೆರೆ ನೇರವಾಗೇ ಇದೆ! ಬೆರಳಿಗೆ ನೇರ, ಕಣ್ಣಿಗೆ ಸೊಟ್ಟ. ಸೋಪು ತೊಳೆದು ಎರಡೂ ಕಣ್ಣು ಬಿಟ್ಟೆ, ಗೋಡೆ ಸರಿಯಾಯ್ತು. ಅಲ್ಲಿಗೆ ಮರೆತೂ ಬಿಟ್ಟೆ. ಇನ್ನೊಂದು ವಾರ ಹಾಗೇ ಕಳೆದೆ ನೋಡಿ, ಬುದ್ಧಿವಂತ.

ಆಮೇಲೆ ಕೂತು ಯೋಚಿಸಿದರೆ ಎರಡು ತಿಂಗಳಿಂದ ಸೂಚನೆ ಇತ್ತು. ಪೇಪರ್ ಓದುವಾಗ ಒತ್ತಕ್ಷರ ಅಲ್ಲಲ್ಲಿ ಮಾಯ ಆಗ್ತಿತ್ತು. 'ವಿದ್ಯುತ್' ಅನ್ನೋದು 'ವಿದುತ್' ಥರ ಕಾಣೋದು. ಮುದ್ರಣದವರನ್ನ ಬೈದೆ. ನಮ್ಮ ಅಕ್ಷರಗಳೆಲ್ಲ ಮೊದಲೇ ದುಂಡಗೆ, ಸ್ವಲ್ಪ ಸೊಟ್ಟಗಾದರೆ ಯಾರಿಗೆ ತಿಳೀಬೇಕು? ನೇರ ಗೆರೆ ಮಾತ್ರ ಸುಳ್ಳು ಹೇಳಲ್ಲ. ಡಾಕ್ಟರು ಓಸಿಟಿ ಸ್ಕ್ಯಾನ್ (ಕಣ್ಣಿನ ಪರದೆಯ ಪದರಗಳನ್ನ ತೋರಿಸೋ ಚಿತ್ರ) ತೋರಿಸಿ, ರಕ್ತ ಸೋರಿ ಕಲೆ ಕಟ್ಟಲು ಶುರುವಾಗಿದೆ, ಸೋರುವುದನ್ನ ನಿಲ್ಲಿಸಬಹುದು, ಕಲೆ ಅಳಿಸೋಕಾಗಲ್ಲ ಅಂದರು.

ಈಗ ಬಲಗಣ್ಣಿಗೆ ಕಾವಲು ಹಾಕಿದ್ದೀನಿ. ಆಸ್ಪತ್ರೆಯಲ್ಲಿ ಕೊಟ್ಟ ಆಮ್ಸ್ಲರ್ ಚೌಕವನ್ನ, ಅಂದರೆ ಗೆರೆ ಎಳೆದು ಮನೆ ಮಾಡಿ ನಡುವೆ ಚುಕ್ಕಿ ಇಟ್ಟ ಹಾಳೆಯನ್ನ, ಅಡುಗೆಮನೆಯಲ್ಲಿ ಕಾಫಿ ಫಿಲ್ಟರ್ ಪಕ್ಕದ ಗೋಡೆಗೆ ಅಂಟಿಸಿದ್ದೀನಿ. ಬೆಳಿಗ್ಗೆ ಡಿಕಾಕ್ಷನ್ ಇಳಿಯೋಷ್ಟರಲ್ಲಿ ಒಂದೊಂದೇ ಕಣ್ಣು ಮುಚ್ಚಿ ನೋಡ್ತೀನಿ. ಮರೆಯೋ ಪ್ರಶ್ನೆಯೇ ಇಲ್ಲ, ಕಾಫಿ ಮರೆತರೆ ತಾನೆ. ಇಷ್ಟು ಸಾಕಾ? ನೀವೆಲ್ಲ ಏನು ಮಾಡ್ತೀರಿ?

ಚುಕ್ಕಿ ರಂಗೋಲಿ (ಧಾರವಾಡ) · ಭಾನುವಾರ

ಸರ್, ನಿಮ್ಮ ಟೈಲ್ಸ್ ಕಥಿ ಓದಿ ನಮ್ಮವ್ವನ ರಂಗೋಲಿ ನೆನಪಾತು. ಅಕಿಗೆ ಈಗ 68. ದಿನಾ ಮುಂಜಾನೆ ಚುಕ್ಕಿ ಇಟ್ಟು ಎಳಿ ಎಳೀದಿದ್ರ ಅಕಿಗೆ ಸಮಾಧಾನ ಇಲ್ಲ. ಹೋದ ಶ್ರಾವಣದಾಗ ನೋಡ್ತೀನಿ, ನಟ್ಟನಡುವಿನ ಚುಕ್ಕಿ ಇದ್ದಲ್ಲೆ ಸಣ್ಣ ಗುಡ್ಡಾ ಆಗೇತಿ. ಒಂದರ ಮ್ಯಾಲೆ ಒಂದು ಮೂರು ಚುಕ್ಕಿ! "ಯಾಕವ್ವಾ" ಅಂದ್ರ, "ನಡುವಿನದು ಇಡೂದ ಮರತಿದ್ನೆಲ್ಲ, ಅದಕ್ಕ ಇಟ್ಟೆ" ಅಂದ್ಲು. ಇಟ್ಟಾಳ, ಕಾಣವಲ್ತು, ಮತ್ತ ಇಟ್ಟಾಳ.

ನಾವು ಮೊದಲ ಪೊರಿ ಅಂತ ತಿಳಕೊಂಡ್ವಿ. ನಮ್ಮ ಕಡೆ ವಯಸ್ಸಾದವರಿಗೆ ಕಣ್ಣು ಮಂಜಾತು ಅಂದ್ರ ಪೊರಿನ. ಡಾಕ್ಟರ್ ಎಂ.ಸಿ. ಮೋದಿ ಅವರ ಕ್ಯಾಂಪ್ ನೋಡಿದ ತಲಿಮಾರು ನಮ್ಮ ಅಜ್ಜಾರದು. ಕಣ್ಣಿನ ಬ್ಯಾನಿ ಅಂದ್ರ ಪೊರಿ, ಔಷಧ ಅಂದ್ರ ಆಪರೇಷನ್, ಮುಗೀತು. ಅವ್ವನ ಪೊರಿ ಎಂಟು ವರ್ಷದ ಹಿಂದನ ತಗಸಿತ್ತು. "ಲೆನ್ಸ್ ಹಾಕ್ಯಾರ, ಇನ್ನೇನ್ ಆಗ್ತೇತಿ" ಅಂತ ಸುಮ್ನ ಕೂತ್ವಿ. ಪೊರಿ ಬ್ಯಾರೆ, ಈ ಒಳಗಿನ ಪರದೆ ಬ್ಯಾರೆ ಅಂತ ತಿಳಿಯೂದ್ರಾಗ ತಿಂಗಳು ಹೋತು.

ನನ್ನ ಪ್ರಶ್ನೆ: ಅಕಿ ಚೌಕದ ಕಾಗದ ನೋಡಾಕ ಒಲ್ಲೆ ಅಂತಾಳ. ರಂಗೋಲಿನ ನೋಡಿ ಪರೀಕ್ಷಾ ಮಾಡಿದ್ರ ನಡೀತೇತೇನು?

ಕನ್ನಡಕದಂಗಡಿ (ಮೈಸೂರು) · ಭಾನುವಾರ ರಾತ್ರಿ

ನಾನು ಆಪ್ಟೋಮೆಟ್ರಿಸ್ಟ್, ಡಾಕ್ಟರಲ್ಲ. ದಿನಾ ಇಂಥವರನ್ನ ನೋಡ್ತಿರ್ತೀನಿ, ಅದಕ್ಕೆ ಬರೀತಿದ್ದೀನಿ.

ಧಾರವಾಡದ ಅಕ್ಕ, ರಂಗೋಲಿ ನಡೆಯುತ್ತೆ, ಕಿಟಕಿ ಸರಳೂ ನಡೆಯುತ್ತೆ, ಬಾಗಿಲ ಚೌಕಟ್ಟೂ ನಡೆಯುತ್ತೆ. ಒಂದೇ ಷರತ್ತು, ಒಂದು ಕಣ್ಣು ಪೂರ್ತಿ ಮುಚ್ಚಿರಬೇಕು. ಬೆರಳು ಅಡ್ಡ ಇಟ್ಟುಕೊಂಡರೆ ಸಂದಿಯಲ್ಲಿ ಇಣುಕಿ ನೋಡ್ತಾರೆ, ಬೇಕಂತಲೇ ಅಲ್ಲ, ಅಭ್ಯಾಸ. ಅಂಗೈ ಬಟ್ಟಲು ಮಾಡಿ ಮುಚ್ಚಲಿ, ಕಣ್ಣುಗುಡ್ಡೆ ಒತ್ತದ ಹಾಗೆ. ಆದರೆ ರಂಗೋಲಿ ದಿನಕ್ಕೊಂದು ಬಗೆ. ನಮಗೆ ಬೇಕಾಗಿರೋದು ನಿನ್ನೆಗೂ ಇವತ್ತಿಗೂ ವ್ಯತ್ಯಾಸ. ಅದಕ್ಕೆ ನಿನ್ನೆ ಇದ್ದದ್ದೇ ಇವತ್ತೂ ಇರೋ ವಸ್ತು ಆಗಬೇಕು. ಅವರು ದಿನಾ ಕೂರುವ ಜಾಗದಿಂದ ಕಾಣೋ ಒಂದೇ ಕಿಟಕಿಯನ್ನ ಗೊತ್ತು ಮಾಡಿ.

ಮೇಷ್ಟ್ರೇ, ನಿಮ್ಮ ಹಾಳೆ ಆಸ್ಪತ್ರೆಯ ಮೂಲ ಪ್ರತಿಯೋ, ಝೆರಾಕ್ಸೋ? ಸ್ಕೇಲ್ ಇಟ್ಟು ನೋಡಿ. ಪೂರ್ತಿ ಚೌಕ 10 ಸೆಂ.ಮೀ. ಇರಬೇಕು, ಒಂದೊಂದು ಮನೆ 5 ಮಿ.ಮೀ., ಉದ್ದಕ್ಕೆ 20, ಅಡ್ಡಕ್ಕೆ 20. ಝೆರಾಕ್ಸ್ ಅಂಗಡಿಯವರು 'ಪೇಜಿಗೆ ಫಿಟ್' ಮಾಡಿ ಕುಗ್ಗಿಸಿರ್ತಾರೆ. ಹಾಳೆಯಿಂದ ಕಣ್ಣಿಗೆ ಸುಮಾರು 30 ಸೆಂ.ಮೀ. ಓದುವ ಕನ್ನಡಕ ಹಾಕಿಕೊಂಡೇ ನೋಡಬೇಕು. ಬೈಫೋಕಲ್ ಆದರೆ ಕೆಳಗಿನ ಭಾಗದಲ್ಲಿ. ಗೋಡೆಗೆ ತುಂಬ ಎತ್ತರದಲ್ಲಿ ಅಂಟಿಸಿದರೆ ತಲೆ ಎತ್ತಿ ಎತ್ತಿ ನೋಡಬೇಕಾಗುತ್ತೆ, ಗದ್ದದ ಮಟ್ಟಕ್ಕೆ ಇಳಿಸಿ. ದಿನಾ ಒಂದೇ ಬೆಳಕು. ನಡುವಿನ ಚುಕ್ಕಿ ಬಿಟ್ಟು ದೃಷ್ಟಿ ಅಲ್ಲಾಡಿಸಬಾರದು. ಆ ಚುಕ್ಕಿಯನ್ನೇ ನೋಡ್ತಾ ನಾಲ್ಕು ಮೂಲೆ ಕಾಣುತ್ತಾ, ಗೆರೆ ಎಲ್ಲಾದರೂ ಬಾಗಿದೆಯಾ, ಮಸುಕಾಗಿದೆಯಾ, ಯಾವ ಮನೆ ಖಾಲಿ ಅಂತ ಸುತ್ತಲೂ ಗಮನ ಹರಿಸಬೇಕು.

ಇನ್ನೊಂದು. ಈಗಾಗಲೇ ಬಾಗಿ ಕಾಣುವ ಜಾಗ ಇದ್ದರೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಾರೀಖು ಬರೆದಿಡಿ, ಎಡಕ್ಕೊಂದು ಹಾಳೆ, ಬಲಕ್ಕೊಂದು ಹಾಳೆ. ಹಳೇ ಸೊಟ್ಟಕ್ಕೆ ಹೆದರಬೇಕಿಲ್ಲ. ಹೊಸದಾಗಿ ಸೊಟ್ಟ ಆದರೆ, ಇದ್ದದ್ದು ದೊಡ್ಡದಾದರೆ ಫೋನ್ ಎತ್ತಿಕೊಳ್ಳಿ.

ಲೆಕ್ಕದ ಮೇಷ್ಟ್ರು · ಸೋಮವಾರ

ಅಳೆದೆ. 8.6 ಸೆಂ.ಮೀ. ಇದೆ! ನಾಲ್ಕು ತಿಂಗಳಿಂದ ಕುಗ್ಗಿದ ಚೌಕ ನೋಡ್ತಿದ್ದೆ. ಜೀವಮಾನವಿಡೀ ಮಕ್ಕಳಿಗೆ "ಮೊದಲು ಅಳೆ, ಆಮೇಲೆ ಮಾತಾಡು" ಅಂದವನು ನಾನು.

30 ಸೆಂ.ಮೀ., 5 ಮಿ.ಮೀ. ಅಂದಿದ್ದು ಕೇಳಿ ಕುತೂಹಲ ಆಯ್ತು. ಒಂದು ಡಿಗ್ರಿಯ ಟ್ಯಾಂಜೆಂಟ್ 0.0175. ಮೂವತ್ತರಿಂದ ಗುಣಿಸಿದರೆ 0.52 ಸೆಂ.ಮೀ. ಅಂದರೆ ಒಂದೊಂದು ಮನೆ ಕಣ್ಣಿಗೆ ಒಂದೊಂದು ಡಿಗ್ರಿ, ನಡುವಿನಿಂದ ಯಾವ ಕಡೆಗೂ ಹತ್ತು ಡಿಗ್ರಿ. 1940ರ ದಶಕದಲ್ಲಿ ಇದನ್ನ ಬಳಕೆಗೆ ತಂದ ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ ಲೆಕ್ಕ ಚೆನ್ನಾಗಿ ಬರುತ್ತಿದ್ದ ಡಾಕ್ಟರೇ ಇರಬೇಕು. ಸರಿ, ವಿಷಯಕ್ಕೆ ಬರ್ತೀನಿ. ಇದನ್ನ ಎಷ್ಟರ ಮಟ್ಟಿಗೆ ನಂಬಬಹುದು?

ಕನ್ನಡಕದಂಗಡಿ · ಸೋಮವಾರ

ಪೂರ್ತಿ ನಂಬಬೇಡಿ. ಯಾಕೆ ಅನ್ನೋದನ್ನ ನಿಮ್ಮ ಮನೆಯಲ್ಲಿ ಕಣ್ಣು ಚೆನ್ನಾಗಿರುವ ಯಾರಾದರೂ ಮಾಡಿ ನೋಡಲಿ. ಗೆರೆ ಎಳೆದ ನೋಟ್‌ಬುಕ್ ಹಾಳೆಯಲ್ಲಿ ಒಂದು ಚುಕ್ಕಿ ಇಡಿ. ಅದರ ಬಲಕ್ಕೆ 8 ಸೆಂ.ಮೀ. ದೂರದಲ್ಲಿ ಒಂದು ಕಡ್ಲೆಕಾಳು. ಎಡಗಣ್ಣು ಮುಚ್ಚಿ, 30 ಸೆಂ.ಮೀ. ಮೇಲಿಂದ ಬಲಗಣ್ಣಲ್ಲಿ ಚುಕ್ಕಿಯನ್ನೇ ನೋಡಿ. ತಲೆ ಒಂಚೂರು ಹಿಂದೆ ಮುಂದೆ ಮಾಡಿದರೆ ಒಂದು ಕಡೆ ಕಡ್ಲೆಕಾಳು ಮಾಯ. ಅಲ್ಲಿ ತೂತು ಕಾಣುತ್ತಾ? ಇಲ್ಲ. ಗೆರೆ ಮುಂದುವರಿದ ಹಾಗೇ ಕಾಣುತ್ತೆ. ಕಣ್ಣಿನ ನರ ಹೊರಡೋ ಜಾಗ ಅದು, ಎಲ್ಲರಿಗೂ ಅಲ್ಲಿ ಕುರುಡೇ. ಆಚೀಚೆ ಇರೋದನ್ನ ನೋಡಿ ಮಿದುಳು ತೇಪೆ ಹಾಕಿಬಿಡುತ್ತೆ.

ಮ್ಯಾಕ್ಯುಲಾದಲ್ಲಿ ಸಣ್ಣ ಜಾಗ ಕೆಟ್ಟಾಗಲೂ ಮಿದುಳು ಇದೇ ಉಪಕಾರ ಮಾಡುತ್ತೆ. ಅದಕ್ಕೇ ಎಷ್ಟೋ ಜನಕ್ಕೆ ಸ್ಕ್ಯಾನ್‌ನಲ್ಲಿ ಪರದೆಯಲ್ಲಿ ಸೋರಿದ ನೀರು ಕಂಡರೂ ಚೌಕದಲ್ಲಿ ಏನೂ ಕಂಡಿರಲ್ಲ. ಚೌಕ ಸೊಟ್ಟ ಕಂಡರೆ ಓಡಿ; ನೆಟ್ಟಗೆ ಕಂಡಿತು ಅಂತ ಡಾಕ್ಟರು ಕೊಟ್ಟ ತಾರೀಖು ತಪ್ಪಿಸಬೇಡಿ. ಜೊತೆಗೆ ಪೇಪರ್ ಒಂದೊಂದೇ ಕಣ್ಣಲ್ಲಿ ಎರಡು ಸಾಲು ಓದಿ. ನಿಮ್ಮ ಒತ್ತಕ್ಷರದ ಗುಟ್ಟು ಒಳ್ಳೇದೇ, ನಮ್ಮಲ್ಲಿಗೆ ಬರುವವರಿಗೂ ಇನ್ನು ಹೇಳ್ತೀನಿ.

ಹಳ್ಳಿಮದ್ದು · ಮಂಗಳವಾರ

ಇಂಜೆಕ್ಷನ್ ಎಲ್ಲ ದುಡ್ಡು ಹೊಡೆಯುವ ದಂಧೆ. ನಂದಿಬಟ್ಟಲು ಹೂವಿನ ರಸ ದಿನಾ ಎರಡು ಹನಿ ಕಣ್ಣಿಗೆ ಬಿಡಿ. ಹೊನಗೊನ್ನೆ ಸೊಪ್ಪು ತಿನ್ನಿ. ನಮ್ಮ ಅಜ್ಜಿ 90ರಲ್ಲೂ ಸೂಜಿಗೆ ದಾರ ಪೋಣಿಸುತ್ತಿದ್ದರು.

ಕನ್ನಡಕದಂಗಡಿ · ಮಂಗಳವಾರ

ಹೊನಗೊನ್ನೆ ಪಲ್ಯ ನಾನೂ ತಿಂತೀನಿ, ನುಗ್ಗೆಸೊಪ್ಪೂ ತಿಂತೀನಿ. ಹಸಿರು ಸೊಪ್ಪಿನಲ್ಲಿ ಲ್ಯೂಟೀನ್ ಇದೆ, ಮ್ಯಾಕ್ಯುಲಾದ ಹಳದಿ ಬಣ್ಣದಲ್ಲೂ ಅದೇ ಇರೋದು. ತಟ್ಟೆಗೆ ಹಾಕಿ, ಕಣ್ಣಿಗೆ ಬೇಡ. ಹೂವಿನ ರಸ ಬಿಟ್ಟುಕೊಂಡು ಕರಿಗುಡ್ಡೆ ಹುಣ್ಣಾಗಿ ಬಂದವರನ್ನ ಕಣ್ಣಾರೆ ಕಂಡಿದ್ದೀನಿ. ಹನಿ ಬಿಟ್ಟರೆ ಅದು ಕಣ್ಣಿನ ಮುಂಭಾಗದಲ್ಲಿ ಉಳಿಯುತ್ತೆ, ಕಾಯಿಲೆ ಇರೋದು ಹಿಂದಿನ ಪರದೆಯಲ್ಲಿ.

ಮಾತ್ರೆ ಬಗ್ಗೆಯೂ ಕೆಲವರು ಖಾಸಗಿಯಾಗಿ ಕೇಳಿದ್ದೀರಿ. ಅಮೆರಿಕದಲ್ಲಿ 2013ರಲ್ಲಿ ಮುಗಿದ ಎರೆಡ್ಸ್-2 ಅಧ್ಯಯನದ ಸೂತ್ರ ಇದು: ವಿಟಮಿನ್ ಸಿ 500 ಮಿ.ಗ್ರಾಂ., ಇ 400 ಯೂನಿಟ್, ಸತು 80 ಮಿ.ಗ್ರಾಂ., ತಾಮ್ರ 2, ಲ್ಯೂಟೀನ್ 10, ಝಿಯಾಕ್ಸಾಂಥಿನ್ 2. ನಡುವಿನ ಹಂತದವರಿಗೆ ಕಾಯಿಲೆ ಮುಂದಕ್ಕೆ ಹೋಗೋದನ್ನ ಸ್ವಲ್ಪ ತಡೆಯುತ್ತೆ, ಹೋದ ದೃಷ್ಟಿ ತರಲ್ಲ. ಆರಂಭದ ಹಂತದವರಿಗೆ, ಕಾಯಿಲೆಯೇ ಇಲ್ಲದವರಿಗೆ ಇದರಿಂದ ಲಾಭ ಕಂಡಿಲ್ಲ. 'ಲ್ಯೂಟೀನ್' ಅಂತ ಡಬ್ಬಿ ಮೇಲಿದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ, ಹಿಂದಿನ ಚೀಟಿ ಓದಿ, ನಿಮ್ಮ ಡಾಕ್ಟರಿಗೆ ತೋರಿಸಿ. ಹಳೇ ಸೂತ್ರದಲ್ಲಿದ್ದ ಬೀಟಾ ಕ್ಯಾರೋಟಿನ್ ಬೀಡಿ ಸಿಗರೇಟು ಸೇದುವವರಿಗೆ, ಸೇದಿ ಬಿಟ್ಟವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತೆ ಅಂತ ತೆಗೆದು ಹಾಕಿದ್ದಾರೆ. ಮಾತ್ರೆಗಿಂತ ಮೊದಲು ಬೀಡಿ ಬಿಡಿಸಿ.

ನ್ಯೂಜೆರ್ಸಿ ಸೊಸೆ · ಮಂಗಳವಾರ

ನಮ್ಮ ಮಾವನವರಿಗೆ ಎರಡೂ ಕಣ್ಣು ಡ್ರೈ, ನಮ್ಮ ಜೊತೆ ಇಲ್ಲೇ ಇದ್ದಾರೆ. ಫೋರ್‌ಸೀ ಹೋಮ್ ಅನ್ನೋ ಯಂತ್ರವನ್ನ ಡಾಕ್ಟರು ಬರೆದುಕೊಟ್ಟಿದ್ದಾರೆ, ಇಲ್ಲಿ ಹಿರಿಯರಿಗೆ ಸರ್ಕಾರ ಕೊಡೋ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿ ಸಿಗುತ್ತೆ. ಊಟದ ಮೇಜಿನ ಮೇಲೆ ಕೂತಿದೆ. ಒಳಗೆ ಇಣುಕಿದರೆ ಚುಕ್ಕಿಗಳ ಸಾಲೊಂದು ಮಿಂಚಿ ಮಾಯ ಆಗುತ್ತೆ. ಅದರಲ್ಲಿ ಉಬ್ಬು ಎಲ್ಲಿ ಕಂಡಿತೋ ಅಲ್ಲಿ ಮೌಸ್ ಒತ್ತಬೇಕು. ಕಣ್ಣಿಗೆ ಮೂರು ನಿಮಿಷ. ಫಲಿತಾಂಶ ತಾನಾಗೇ ಮಾನಿಟರಿಂಗ್ ಕೇಂದ್ರಕ್ಕೆ ಹೋಗುತ್ತೆ, ಬದಲಾವಣೆ ಕಂಡರೆ ಡಾಕ್ಟರ ಕಚೇರಿಗೆ ತಿಳಿಸ್ತಾರೆ. ಮಾವ ಇದನ್ನ ವಿಡಿಯೋ ಗೇಮ್ ಅಂತಾರೆ, ಸ್ಕೋರ್ ತೋರಿಸಲ್ಲ ಅನ್ನೋದೇ ಅವರ ತಕರಾರು.

ಕೆಲಸ ಮಾಡುತ್ತಾ ಅಂತ ನಾನೂ ಹುಡುಕಿ ಓದಿದೆ. 2014ರಲ್ಲಿ ಪ್ರಕಟವಾದ, ಸುಮಾರು 1,500 ಜನರ ಅಧ್ಯಯನ ಇದೆ. ವೆಟ್ ಆಯ್ತು ಅಂತ ಪತ್ತೆ ಆಗೋ ಹೊತ್ತಿಗೆ ಯಂತ್ರ ಇದ್ದವರು ಕಣ್ಣಿನ ಚಾರ್ಟಿನಲ್ಲಿ 4 ಅಕ್ಷರದಷ್ಟು ದೃಷ್ಟಿ ಕಳಕೊಂಡಿದ್ದರು, ಬರೀ ಎಂದಿನ ಎಚ್ಚರಿಕೆಯಲ್ಲಿದ್ದವರು 9 ಅಕ್ಷರ. ಈಗ ವೆಟ್ ಇರುವವರಿಗಾಗಿ ಮನೆಯಲ್ಲೇ ಓಸಿಟಿ ತೆಗೆಯೋ ಯಂತ್ರಕ್ಕೂ 2024ರಲ್ಲಿ ಇಲ್ಲಿಯ ಎಫ್‌ಡಿಎ (ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ) ಒಪ್ಪಿಗೆ ಕೊಟ್ಟಿದೆ. ಆದರೂ ಯಂತ್ರ ಇದೆ ಅಂತ ನಮ್ಮವರು ಚೌಕ ಬಿಟ್ಟಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಿದೆ, ನನ್ನ ಮಗನ ಚಿತ್ರದ ಪಕ್ಕ.

ನಿದ್ದೆಗೇಡಿ (ಬೆಂಗಳೂರು) · ಬುಧವಾರ, ರಾತ್ರಿ 2 ಗಂಟೆ

ನನಗೆ ಉಲ್ಟಾ ಸಮಸ್ಯೆ. 63 ವರ್ಷ. ದಿನಕ್ಕೆ ಹತ್ತು ಸಲ ನೋಡ್ತೀನಿ. ಲಿಫ್ಟ್ ಬಾಗಿಲು, ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿ ಕಂಬಿ, ಮೆಟ್ರೋ ನಿಲ್ದಾಣದ ನೆಲ. ಪ್ರತಿ ಸಲ ಏನೋ ಬಾಗಿದ ಹಾಗನಿಸುತ್ತೆ. ಕಳೆದ ತಿಂಗಳು ನಿಜವಾಗಿ ಬಾಗಿತು ಅಂತ ಓಡಿದೆ. ಸ್ಕ್ಯಾನ್ ಮಾಡಿದರು, ಏನೂ ಇಲ್ಲ. ಹೊಸದಾಗಿ ಹಾಕಿಸಿದ ಪ್ರೋಗ್ರೆಸಿವ್ ಕನ್ನಡಕದ ಅಂಚಿನಲ್ಲಿ ಗೆರೆ ಬಾಗುತ್ತಂತೆ! ಈಗ ಮತ್ತೆ ಹೋದರೆ ನಗ್ತಾರೆ ಅನ್ನೋ ಸಂಕೋಚ.

ಕನ್ನಡಕದಂಗಡಿ · ಬುಧವಾರ

ನಗಲ್ಲ. ನಗುವವರಾದರೆ ಬೇರೆ ಕಡೆ ಹೋಗಿ. ಪ್ರೋಗ್ರೆಸಿವ್ ಲೆನ್ಸಿನ ಬದಿಗಳಲ್ಲಿ ಗೆರೆ ಬಾಗೋದು ಸಹಜ. ಪರೀಕ್ಷೆಗೆ ಅಂತ ಒಂದು ಸಾದಾ ಓದುವ ಕನ್ನಡಕ ಇಟ್ಟುಕೊಳ್ಳಿ. ದಿನಕ್ಕೆ ಒಂದೇ ಸಲ ನೋಡಿ. ಒಂದೇ ಕಡೆ ದಿಟ್ಟಿಸಿ ದಣಿದ ಕಣ್ಣು ಏನು ಬೇಕಾದರೂ ತೋರಿಸುತ್ತೆ. ಬದಲಾವಣೆ ಕಂಡಿತು ಅನಿಸಿದರೆ ಕಣ್ಣು ಮುಚ್ಚಿ ವಿಶ್ರಾಂತಿ ಕೊಟ್ಟು, ಕನ್ನಡಕ ಒರೆಸಿ, ಇನ್ನೊಮ್ಮೆ ನೋಡಿ. ಆಗಲೂ ಅದೇ ಜಾಗದಲ್ಲಿ ಅದೇ ಥರ ಇದ್ದರೆ ಅದೇ ದಿನ ಫೋನ್ ಮಾಡಿ. ಮುಂದಿನ ತಿಂಗಳು ಹೇಗೂ ಹೋಗ್ತೀನಲ್ಲ ಅನ್ನಬೇಡಿ. ಚೌಕ ಪಕ್ಕಕ್ಕಿಡಿ, ಒಮ್ಮೆಗೇ ನಡುವೆ ಕಪ್ಪು ಮೋಡ ಕವಿದ ಹಾಗಾದರೆ ಅಳೆಯೋಕೆ ಕೂರಲೇಬೇಡಿ, ನೇರ ಆಸ್ಪತ್ರೆ. ಏಷ್ಯಾದ ಜನರಲ್ಲಿ ವೆಟ್ ಎಎಂಡಿಯ ಪಿಸಿವಿ ಅನ್ನೋ ಬಗೆ ಹೆಚ್ಚು, ಅದರಲ್ಲಿ ಹೀಗೆ ದಿಢೀರ್ ರಕ್ತ ಸೋರುತ್ತೆ. ಇಂಜೆಕ್ಷನ್ ಆದ ಮೊದಲ ವಾರದಲ್ಲಿ ನೋವು ಹೆಚ್ಚುತ್ತಾ ಕಣ್ಣು ಕೆಂಪಾಗಿ ದೃಷ್ಟಿ ಇಳಿದರೂ ಅಷ್ಟೆ, ಅದು ಸೋಂಕಿರಬಹುದು.

ಕುಡ್ಲದ ಮಗ (ಮಂಗಳೂರು) · ಗುರುವಾರ

ಎರಡು ದಿನದಿಂದ ಓದ್ತಾ ಇದ್ದೇನೆ, ಕೇಳುವುದೋ ಬೇಡವೋ ಅಂತ. ನಮ್ಮ ಅಮ್ಮನಿಗೆ 81. ಎರಡು ಕಣ್ಣಿಗೂ ಉಂಟು, ಒಂದಂತೂ ನಡುವೆ ಪೂರ್ತಿ ಹೋಗಿದೆ. ಬಾಗಿಲಿಗೆ ಬಂದವರ ಪಂಚೆಯ ಅಂಚು ಕಾಣ್ತದೆ, ಮುಖ ಕಾಣುವುದಿಲ್ಲ. ಅದು ಗೊತ್ತಿದ್ದದ್ದೇ. ಆದರೆ ಮಳೆಗಾಲ ಶುರುವಾದ ಮೇಲೆ ಸಂಜೆ ಚಾವಡಿಯಲ್ಲಿ ಕೂತುಕೊಂಡು, "ಆ ಮಕ್ಕಳಿಗೆ ಚಾಪೆ ಹಾಕು ಮಾರಾಯ, ನೆಲ ತಂಪುಂಟು" ಅಂದ್ರು. ಅಲ್ಲಿ ಯಾರೂ ಇಲ್ಲ. ಸಣ್ಣ ಸಣ್ಣ ಮಕ್ಕಳು, ಬಣ್ಣದ ಅಂಗಿ, ಸಾಲಾಗಿ ಕೂತಿದ್ದಾರಂತೆ, ಮಾತಾಡುವುದಿಲ್ಲವಂತೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಗಾಳಿ ಅಂದ್ರು, ಅರಳು ಮರಳು ಅಂದ್ರು, ಪ್ರಶ್ನೆ ಇಡಿಸಿದ್ದೂ ಆಯ್ತು. ಅಮ್ಮ ಈಗ ಹೇಳುವುದನ್ನೇ ನಿಲ್ಲಿಸಿದ್ದಾರೆ, ಆದರೆ ನೋಡ್ತಾ ಇರುವುದು ನಮಗೆ ಗೊತ್ತಾಗ್ತದೆ. ಇದಕ್ಕೂ ಕಣ್ಣಿಗೂ ಸಂಬಂಧ ಉಂಟಾ?

ಕನ್ನಡಕದಂಗಡಿ · ಗುರುವಾರ

ಉಂಟು. ಕೇಳಿದ್ದು ಒಳ್ಳೇದಾಯ್ತು. ಇದಕ್ಕೆ ಶಾರ್ಲ್ ಬೊನೆ ಸಿಂಡ್ರೋಮ್ ಅಂತ ಹೆಸರು. 1760ರಲ್ಲಿ ಜಿನೀವಾದ ಬೊನೆ ಅನ್ನೋ ವಿಜ್ಞಾನಿ ತನ್ನ ಅಜ್ಜನ ಬಗ್ಗೆ ಬರೆದ. ಅಜ್ಜನಿಗೆ ಕಣ್ಣು ಮಂದವಾಗಿತ್ತು, ಬುದ್ಧಿ ನೆಟ್ಟಗಿತ್ತು, ಆದರೂ ಎದುರಿಗೆ ಜನ, ಹಕ್ಕಿ, ಗಾಡಿ, ಕಟ್ಟಡ ಕಾಣುತ್ತಿದ್ದವು. ಕಣ್ಣಿಂದ ಬರೋ ಸುದ್ದಿ ಕಡಿಮೆಯಾದಾಗ ಮಿದುಳು ತನ್ನಷ್ಟಕ್ಕೆ ಚಿತ್ರ ಕಟ್ಟಿಕೊಳ್ಳುತ್ತೆ. ಕಡ್ಲೆಕಾಳಿನ ಜಾಗಕ್ಕೆ ತೇಪೆ ಹಾಕಿದ್ದೂ ಅದೇ ಮಿದುಳು.

ಸಾಮಾನ್ಯವಾಗಿ ಚಿತ್ರಗಳು ಮಾತಾಡಲ್ಲ, ನಿಮ್ಮ ಅಮ್ಮ ಹೇಳಿದ ಹಾಗೇ. ಚಾವಡಿಯಲ್ಲಿ ದೀಪ ಹಾಕಿ. ಕಂಡಾಗ ರೆಪ್ಪೆ ಬಡಿಯಲಿ, ಕಣ್ಣು ಎಡಕ್ಕೆ ಬಲಕ್ಕೆ ಬೇಗ ಬೇಗ ಹೊರಳಿಸಲಿ, ಎದ್ದು ಎರಡು ಹೆಜ್ಜೆ ನಡೆಯಲಿ. ಎಷ್ಟೋ ಜನಕ್ಕೆ ಮಾಯ ಆಗುತ್ತೆ. ದನಿಯೂ ಕೇಳಿಸಿದರೆ, ಇಲ್ಲ ಅಂದರೂ ನಿಜ ಅಂತಲೇ ಹಟ ಹಿಡಿದರೆ, ಮರೆವೂ ಜೊತೆಗಿದ್ದರೆ ಬೇರೆ ಕಾರಣ ಇರಬಹುದು, ಫಿಸಿಶಿಯನ್‌ಗೆ ತೋರಿಸಿ. ಹೇಗೂ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ಹೇಳಿ.

ಕುಡ್ಲದ ಮಗ · ಶುಕ್ರವಾರ

ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ಆಮೇಲೆ, "ಆ ಅಜ್ಜನಿಗೂ ಮಕ್ಕಳಾ ಕಂಡದ್ದು?" ಅಂತ ಕೇಳಿದರು. ಹಕ್ಕಿ, ಗಾಡಿ ಅಂದೆ. "ನನ್ನದೇ ಒಳ್ಳೇದು" ಅಂದ್ರು.

ಲೆಕ್ಕದ ಮೇಷ್ಟ್ರು · ಮೂರು ವಾರದ ಮೇಲೆ, ಬುಧವಾರ

ಸುದ್ದಿ ಇದೆ. ಹೊಸ ಹಾಳೆ, ಸರಿಯಾದ 10 ಸೆಂ.ಮೀ. ಭಾನುವಾರ ಬೆಳಿಗ್ಗೆ ಬಲಗಣ್ಣಲ್ಲಿ ಚುಕ್ಕಿಯ ಕೆಳಗೆ ಬಲಕ್ಕೆ, ಮೂರನೇ ಮನೆಯ ಹತ್ತಿರ ಗೆರೆ ಸಣ್ಣಗೆ ನಡುಬಗ್ಗಿದ ಹಾಗೆ ಕಂಡಿತು. ಕನ್ನಡಕ ಒರೆಸಿದೆ. ಕಾಫಿ ಕುಡಿದೆ. ಮತ್ತೆ ನೋಡಿದೆ, ಅಲ್ಲೇ ಇದೆ. ಪೆನ್ಸಿಲ್ ಹಿಡಿದ ಕೈ ನಡುಗಿತು, ಸುಳ್ಳು ಹೇಳಲ್ಲ.

ಭಾನುವಾರ ಆಸ್ಪತ್ರೆಗೆ ಫೋನ್ ಹೋಗಲಿಲ್ಲ. ಸೋಮವಾರ ಮಾಡಿದೆ. ಆ ಹುಡುಗಿ "ಡಾಕ್ಟರ್ ಅಪಾಯಿಂಟ್‌ಮೆಂಟ್ ಮೂರು ವಾರ ಆದಮೇಲೆ ಇದೆ ಅಂಕಲ್" ಅಂದಳು. 'ಕಣ್ಣು ಸ್ವಲ್ಪ ಮಂಜು' ಅಂತ ಹೇಳಿದ್ದು ನನ್ನದೇ ತಪ್ಪು. ಇಟ್ಟು ಮತ್ತೆ ಮಾಡಿದೆ. ಈ ಸಲ ಬರೆದುಕೊಂಡು ಓದಿದೆ: "ಎಡಗಣ್ಣಿಗೆ ವೆಟ್ ಎಎಂಡಿ ಆಗಿ ಇಂಜೆಕ್ಷನ್ ನಡೀತಿದೆ. ಬಲಗಣ್ಣು ಡ್ರೈ. ನಿನ್ನೆಯಿಂದ ಬಲಗಣ್ಣಲ್ಲಿ ನೇರ ಗೆರೆ ಬಾಗಿ ಕಾಣ್ತಿದೆ. ರೆಟಿನಾ ಡಾಕ್ಟರಿಗೆ ಈ ಮಾತು ತಲುಪಿಸಿ." ಹತ್ತು ನಿಮಿಷಕ್ಕೆ ವಾಪಸ್ ಫೋನ್, ನಾಳೆಯೇ ಬನ್ನಿ. ಈ ನಾಲ್ಕು ವಾಕ್ಯ ಬರೆದು ನೀವೂ ಫೋನ್ ಪಕ್ಕ ಇಟ್ಟುಕೊಳ್ಳಿ.

ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್ ಬಸ್ಸು. ಪಾಪೆ ಹಿಗ್ಗಿಸೋ ಹನಿ ಹಾಕಿದರೆ ಬರುವಾಗ ಬಸ್ಸಿನ ಬೋರ್ಡು ಕಾಣಲ್ಲ ಅಂತ ಪಕ್ಕದ ಮನೆ ಹುಡುಗನನ್ನ ಕರಕೊಂಡು ಹೋದೆ. ಓಸಿಟಿ ಆಯ್ತು. ನೀರು ಇಲ್ಲ, ರಕ್ತ ಇಲ್ಲ. ಡ್ರೂಸನ್ ಅನ್ನೋ ಹಳದಿ ಗುಪ್ಪೆ ಒಂದು ಹಿಂದಿಗಿಂತ ಊದಿದೆ, ಅದು ಪರದೆಯನ್ನ ಮೇಲಕ್ಕೆ ಎತ್ತಿದ್ದಕ್ಕೆ ಗೆರೆ ಬಾಗಿತಂತೆ. ಇಂಜೆಕ್ಷನ್ ಸದ್ಯ ಬೇಡ, ಆದರೆ ಇನ್ನು ಮೂರು ತಿಂಗಳಿಗೊಮ್ಮೆ ಅಲ್ಲ, ಬರುವ ತಿಂಗಳೇ ಸ್ಕ್ಯಾನ್. ಸುಮ್ಮನೆ ಬಂದು ತೊಂದರೆ ಕೊಟ್ಟೆನಾ ಅಂತ ಕೇಳಿದೆ. ಡಾಕ್ಟರು ನನ್ನ ಪೆನ್ಸಿಲ್ ಗುರುತಿನ ಹಾಳೆಯನ್ನ ಸ್ಕ್ಯಾನಿನ ಚಿತ್ರದ ಪಕ್ಕ ಹಿಡಿದು ನೋಡ್ತಿದ್ದರು. ಉತ್ತರ ಕೊಡದೆ ಅದನ್ನೇ ಫೈಲಿಗೆ ಪಿನ್ ಮಾಡಿದರು.

ನಿದ್ದೆಗೇಡಿ · ಬುಧವಾರ

ಮೇಷ್ಟ್ರೇ, ನಿಮ್ಮ ನಾಲ್ಕು ವಾಕ್ಯ ಕಾಪಿ ಮಾಡಿಕೊಂಡೆ. ಈಗ ದಿನಕ್ಕೆ ಒಂದೇ ಸಲ ನೋಡ್ತೀನಿ. ಸರಿ, ಎರಡು ಸಲ.

ಚುಕ್ಕಿ ರಂಗೋಲಿ · ಗುರುವಾರ

ಸರ್, ಅವ್ವ ಕಡೀಕೂ ಒಪ್ಪಿಕೊಂಡ್ಲು. ಚೌಕ ಅಂದ್ರ ಒಲ್ಲೆ ಅಂತಿದ್ಲು, "ಇದು ಇಪ್ಪತ್ತೊಂದು ಚುಕ್ಕಿ ಇಪ್ಪತ್ತೊಂದು ಸಾಲಿನ ರಂಗೋಲಿ, ಯಾರೋ ಎಳಿ ಎಳದ ಇಟ್ಟಾರ, ಸರಿ ಐತಿಲ್ಲೋ ನೋಡು" ಅಂದೆ. ಈಗ ದಿನಾ ನೋಡಿ ತಪ್ಪು ಹುಡುಕ್ತಾಳ. ಹಾಳಿ ಹರದೈತಿ, ನಿಮ್ಮ ಸರಿ ಅಳತಿದು ಒಂದು ಕಳಸ್ತೀರೇನು?

ಲೆಕ್ಕದ ಮೇಷ್ಟ್ರು · ಗುರುವಾರ

ಕಳಿಸಿದ್ದೀನಿ. ಅಂಗಡಿಯವನಿಗೆ ನೂರಕ್ಕೆ ನೂರು ಅಳತೆಯಲ್ಲಿ ತೆಗಿ ಅಂತ ಹೇಳಿ. ಗೋಡೆಗೆ ಅಂಟಿಸೋ ಮೊದಲು ಸ್ಕೇಲ್ ಇಡಿ.